ಬಸ್ ಮಾಮನ ಸಾಕ್ಷಿ

ಹಿಟ್ಟಿನ ಡಬ್ಬದ ಹಿಂದೆ ಇರಲಿಲ್ಲ. ಬಟ್ಟೆ ಒಗೆಯುವ ಮೆಷಿನ್ನಿನ ಸಂದಿಯಲ್ಲೂ ಇರಲಿಲ್ಲ. ಸ್ಟೂಲು ಹತ್ತಿ ಅಟ್ಟದ ಮೇಲಿನ ಹಳೆಯ ಸೂಟ್‌ಕೇಸು ಇಳಿಸಿ ನೋಡಿದಳು. ಧೂಳು ಬಿಟ್ಟರೆ ಬೇರೇನೂ ಇಲ್ಲ. ನಿನ್ನೆ ಸಂಜೆಯವರೆಗೂ ಬಾಟಲಿ ಈ ಮನೆಯಲ್ಲೇ ಇತ್ತು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಗಂಡ ಚೀಲವನ್ನು ಎದೆಗವಚಿಕೊಂಡು, ಅವಳ ಕಣ್ಣು ತಪ್ಪಿಸಿ ಹೋಗಿದ್ದ. ಎಲ್ಲಿ ಬಚ್ಚಿಟ್ಟಿದ್ದಾನೋ, ಪುಣ್ಯಾತ್ಮ.

ಅವನು ಕ್ರೈಸ್ತ ಸಭೆಯವರ ಶಾಲೆಯ ಬಸ್ಸು ಓಡಿಸುತ್ತಿದ್ದ. ಮಕ್ಕಳ ಬಾಯಲ್ಲಿ ಬಸ್ ಮಾಮ. ಆ ಕೆಲಸ ಸಿಕ್ಕಿದ್ದು ಲೈಸೆನ್ಸ್ ನೋಡಿ ಅಲ್ಲ, ಸಾಕ್ಷಿ ಕೇಳಿ. ಭಾನುವಾರದ ಆರಾಧನೆಯಲ್ಲಿ ವೇದಿಕೆ ಹತ್ತಿ, “ಕುಡಿತ ನನ್ನ ಮನೇನ ನುಂಗಿತ್ತು, ಈಗ ಮನೆ ಕರ್ತನ ಕೈಯಲ್ಲಿದೆ” ಎಂದು ಅವನು ಅಂದರೆ ಸಾಕು, ಸಭೆಯೇ ಎದ್ದು ನಿಂತು ಸ್ತೋತ್ರ ಹೇಳುತ್ತಿತ್ತು. ಅದರ ವಿಡಿಯೋಗೆ ಹಿಂದಿನಿಂದ ಪಿಟೀಲು ಸೇರಿಸಿ ಸಭೆಯ ಚಾನೆಲ್ಲಿಗೆ ಹಾಕಿದ್ದರು. ಹಾಡುವ ತಂಡಕ್ಕೂ ಅಷ್ಟು ಲೈಕು ಬಂದದ್ದಿಲ್ಲ. ಪಾಪವೇ ಇಲ್ಲದ ಸಾಕ್ಷಿ ಉಪ್ಪಿಲ್ಲದ ಊಟ. ಅಲ್ಲಿ ಯಾರಿಗೂ ರುಚಿಸದು.

ಅವಳು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ಕ್ಯಾಮೆರಾ ಅವಳ ಕಣ್ಣೀರನ್ನು ಹುಡುಕಿಕೊಂಡು ಬರುತ್ತಿತ್ತು. ಪಾಸ್ಟರ್ ಹೆಂಡತಿ ಪಾಸ್ಟರಮ್ಮನಿಗಂತೂ ಅವಳನ್ನು ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು. ಅವರು ಮೊದಲ ಸಲ ಈ ಮನೆಯ ಬಾಗಿಲು ತಟ್ಟಿದ ದಿನ ಒಳಗೆಲ್ಲ ಗಬ್ಬು ವಾಸನೆ. ಅವಳು ಗೋಡೆ ಹಿಡಿದು ನಿಂತಿದ್ದಳು, ಹಣೆ ಊದಿತ್ತು. ಅವನು ಮಂಡಿಯೂರಿ ಗಾಜಿನ ಚೂರು ಆರಿಸುತ್ತಿದ್ದ. ಯಾರೂ ಏನೂ ಕೇಳುವ ಮೊದಲೇ ತಲೆ ಎತ್ತಿ, “ತಪ್ಪು ನಂದು, ಅಮ್ಮಾ” ಎಂದಿದ್ದ. ಪಾಸ್ಟರಮ್ಮ ಅಲ್ಲೇ ನಿಂತು ಅವನಿಗಾಗಿ ಪ್ರಾರ್ಥಿಸಿದರು, ಅವಳನ್ನು ತಬ್ಬಿಕೊಂಡು ಅತ್ತರು.

ಬಸ್ಸು ಕೊಡುವಾಗ ಪಾಸ್ಟರ್ ಒಂದೇ ಷರತ್ತು ಹಾಕಿದ್ದರು. ಬಾಟಲಿ ಕಣ್ಣಿಗೆ ಬಿದ್ದ ದಿನ ಕೀಲಿ ವಾಪಸ್ಸು. ಇನ್ನೊಂದು ಅವಕಾಶ ಅನ್ನುವ ಮಾತೇ ಇಲ್ಲ.

ಫೋನು ಹೊಡೆದುಕೊಂಡಿತು. ಪಾಸ್ಟರಮ್ಮ.

“ಸಿಸ್ಟರ್, ತಕ್ಷಣ ಬನ್ನಿ. ಮನಸ್ಸು ಗಟ್ಟಿ ಮಾಡ್ಕೊಂಡು ಬನ್ನಿ.”

ಅವಳು ಮುಖ ತೊಳೆದು, ತಲೆ ಬಾಚಿ, ಬಾಯಿಗೆ ಲವಂಗ ಹಾಕಿಕೊಂಡು ಹೊರಟಳು. ಸಭೆಗೆ ಹೋಗುವಾಗಲೆಲ್ಲ ಅದು ಅವಳ ರೂಢಿ.

ಪಾಸ್ಟರ್ ಕೋಣೆಯ ಮೇಜಿನ ಮೇಲೆ, ಸತ್ಯವೇದದ ಪಕ್ಕದಲ್ಲೇ, ಅರ್ಧ ಖಾಲಿಯಾದ ಬಾಟಲಿ ನಿಂತಿತ್ತು. ಮಗುವಿನ ಕಳೆದುಹೋದ ಶೂ ಹುಡುಕುತ್ತಿದ್ದ ತಾಯೊಬ್ಬಳಿಗೆ ಡ್ರೈವರ್ ಸೀಟಿನ ಕೆಳಗೆ ಸಿಕ್ಕಿತಂತೆ. ಫೋಟೋ ಆಗಲೇ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿತ್ತು, ಕೈಮುಗಿದ ಚಿತ್ರಗಳ ಸಮೇತ. ಅವಳ ಕಣ್ಣು ಮೊದಲು ಬಿದ್ದದ್ದು ಬಾಟಲಿಯ ಮೇಲೆ, ಆಮೇಲೆ ಮೂಲೆಯಲ್ಲಿ ಕಳ್ಳನಂತೆ ನಿಂತಿದ್ದ ಗಂಡನ ಮೇಲೆ.

“ಉಸಿರು ಬಿಡಿ, ಬ್ರದರ್.” ಪಾಸ್ಟರ್ ಅವನ ಮುಖದ ಹತ್ತಿರ ಮೂಗು ಅರಳಿಸಿದರು. ಏನೂ ಸಿಗಲಿಲ್ಲ. “ವಾಸನೆ ಬರದ ಹಾಗೆ ಕುಡಿಯೋದನ್ನೂ ಕಲಿತುಬಿಟ್ರಲ್ಲ! ಸೈತಾನ ಸಾಮಾನ್ಯದವನಲ್ಲ.”

“ಬಾಟ್ಲಿ ಇಟ್ಟಿದ್ದು ನಾನೇ,” ಎಂದ ಅವನು.

“ಮಕ್ಕಳ ಬಸ್ಸಲ್ಲಿ ಕುಡಿದ್ರಾ?”

ಅವನು ಹೆಂಡತಿಯ ಕಡೆ ನೋಡಿದ. ದಮ್ಮಯ್ಯ ಎನ್ನುವಂತಿತ್ತು ಆ ನೋಟ. ಅವಳು ಕಂಡೂ ಕಾಣದವಳಂತೆ ನೆಲ ನೋಡಿದಳು.

“ಸಿಸ್ಟರ್, ನೀವೇ ಹೇಳಿ,” ಪಾಸ್ಟರ್ ತಿರುಗಿದರು. “ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೀನಿ. ಮನೇಲಿ ಮತ್ತೆ ಕುಡಿತ ಶುರುವಾಗಿದ್ಯಾ?”

ಅವಳು ಬಾಯಿಬಿಟ್ಟರೆ ಅವನ ಬಸ್ಸು ಉಳಿಯುತ್ತಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಪಕ್ಕದಲ್ಲಿ ಕೂತು ಪಾಸ್ಟರಮ್ಮ ಅವಳ ಬೆನ್ನು ಸವರುತ್ತಿದ್ದರು. ಹೆತ್ತ ತಾಯಿ ಕೂಡ ಅವಳನ್ನು ಹಾಗೆ ಸವರಿದ್ದಿಲ್ಲ.

“ಶುರುವಾಗಿ ಬಹಳ ದಿನ ಆಯ್ತು, ಪಾಸ್ಟರ್. ಬೆಳಗಿಂದ ಮನೆಯೆಲ್ಲ ಆ ಬಾಟ್ಲಿನೇ ಹುಡುಕ್ತಿದ್ದೆ.”

ಒಂದಕ್ಷರವೂ ಸುಳ್ಳಿರಲಿಲ್ಲ. ಗಂಡ ಕಣ್ಣು ಮುಚ್ಚಿಕೊಂಡ. ಜೇಬಿನಿಂದ ಬಸ್ಸಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಮಕ್ಕಳು “ಬಸ್ ಮಾಮ ಎಲ್ಲಿ, ಬಸ್ ಮಾಮ ಎಲ್ಲಿ” ಎಂದು ಗಲಾಟೆ ಮಾಡುತ್ತಿದ್ದರು. ಅವನಿಗೆ ದುಃಖ ಉಕ್ಕಿ ಬಂತು, ತಡೆದುಕೊಳ್ಳಲಾಗಲಿಲ್ಲ.

“ಈಗ ಅತ್ತು ಏನು ಬಂತು?” ಎಂದರು ಪಾಸ್ಟರ್. ಚಾನೆಲ್ಲಿನಿಂದ ಅವನ ವಿಡಿಯೋ ಇವತ್ತೇ ತೆಗೆಸಬೇಕು, ಸಭೆಯ ಮರ್ಯಾದೆ ಪ್ರಶ್ನೆ ಎಂದು ಫೋನಿನಲ್ಲಿ ಯಾರಿಗೋ ಹೇಳತೊಡಗಿದರು. ಕ್ಷಮೆಯ ಬಗ್ಗೆ ಅವರು ಹೋದ ವಾರವಷ್ಟೇ ಮೈಕು ಬಿರಿಯುವ ಹಾಗೆ ಬೋಧಿಸಿದ್ದರು.

ಬಾಗಿಲವರೆಗೆ ಬಂದ ಪಾಸ್ಟರಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. “ಈ ಭಾನುವಾರ ನೀವು ವೇದಿಕೆ ಹತ್ತಬೇಕು, ಸಿಸ್ಟರ್. ಕುಡುಕನ ಜೊತೆ ಬಾಳಿದ ಹೆಣ್ಣಿನ ಸಾಕ್ಷಿ! ಎಷ್ಟು ಜನಕ್ಕೆ ಆಸರೆ ಆಗುತ್ತೆ ಗೊತ್ತಾ?”

ಅವಳು ಹೂಂ ಎಂದು ತಲೆಯಾಡಿಸಿದಳು.

ಇಬ್ಬರೂ ರಸ್ತೆ ಹಿಡಿದು ಮನೆ ಕಡೆ ನಡೆದರು.

“ಮಕ್ಕಳನ್ನ ಇಳಿಸಿದ ಮೇಲೆ ಚರಂಡಿಗೆ ಚೆಲ್ಲೋಣ ಅಂತಿದ್ದೆ,” ಎಂದ ಅವನು.

ಅವಳು ಬಾಯಲ್ಲಿದ್ದ ಲವಂಗ ಉಗಿದು ಮುಂದೆ ನಡೆದಳು.

“ಕುಡುಕ ಅನ್ನಿಸ್ಕೊಳ್ಳೋಕೆ ನಂಗೇನೂ ಬೇಜಾರಿಲ್ಲ ಕಣೇ, ಬಸ್ಸೊಂದನ್ನ ಉಳಿಸ್ಕೊಡಬಹುದಿತ್ತು ನೀನು,” ಎಂದ, ಜನ್ಮದಲ್ಲಿ ಒಂದು ತೊಟ್ಟನ್ನೂ ಬಾಯಿಗೆ ಬಿಟ್ಟುಕೊಳ್ಳದ ಆ ಗಂಡ. ಅವಳು ಆಗಲೇ ಬೀದಿಯಾಚೆಯ ಮದ್ಯದಂಗಡಿ ತೆರೆದಿದೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದಳು.