ನೊಯೆಲಿಯ ಪೀಪಾಯಿ

ರೆಮಿ ನೆಲಮಾಳಿಗೆಯ ಬಾಗಿಲು ತೆರೆದನೋ ಇಲ್ಲವೋ, ಮೇಲಿನ ಕೋಣೆಯಲ್ಲಿ ಮಾವ ಅನಾತೋಲ್ ದೊಣ್ಣೆಯಿಂದ ನೆಲ ಬಡಿಯತೊಡಗಿದ. ಪ್ರತಿ ಶನಿವಾರವೂ ಇದೇ ರಗಳೆ. ಮಗಳು ನೊಯೆಲಿಯನ್ನು ಮಣ್ಣು ಮಾಡಿದ ವಾರವೇ ಮುದುಕನಿಗೆ ಲಕ್ವ ಹೊಡೆದು ಮಾತೂ ಬಲಗೈಯೂ ಹೋಗಿದ್ದವು. ಉಳಿದದ್ದು ಎಡಗೈ, ದೊಣ್ಣೆ, ಮತ್ತು ಊರವರ ಪ್ರಕಾರ ಅಳಿಯನ ಮೇಲಿನ ಅನುಮಾನ.

ಕೆಳಗಿದ್ದದ್ದು ಒಂದೇ ಓಕ್ ಪೀಪಾಯಿ. ನೊಯೆಲಿ ಕೈಯಾರೆ ತುಂಬಿಸಿದ ಕೊನೆಯ ವೈನ್. ಅವಳು ಹೋದ ಮೇಲೆ ಏಪ್ರಿಲ್‌ನ ಹಿಮ ದ್ರಾಕ್ಷಿಯ ಚಿಗುರನ್ನೆಲ್ಲ ಕರಕಲು ಮಾಡಿತು. ಜುರಾ ಬೆಟ್ಟಸೀಮೆಯ ಬೂದುಬಣ್ಣದ ಜೇಡಿಮಣ್ಣಿನ ಅವಳ ತೋಟದ ಇಳಿಜಾರು ಬೇರೆಯವರ ಪಾಲಾಯಿತು. "ಆ ಪೀಪಾಯಿ ಮಾತ್ರ ಹಾಳಾಗೋಕೆ ಬಿಡ್ಬೇಡ" ಎಂದು ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದು ಹೇಳಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಪಕ್ಕದ ತೋಟದ ಗಿಲ್ಮೆಟ್ ಬೇಲಿಯಾಚೆಯಿಂದಲೇ ಚುಚ್ಚುತ್ತಿದ್ದಳು. "ಏನಪ್ಪಾ ಬರ್ಗಂಡಿ ಅಳಿಯ, ಹೆಂಡ್ತಿ ಪೀಪಾಯಿ ಖಾಲಿ ಮಾಡ್ತಿದ್ದೀಯಂತಲ್ಲ?"

"ಒಂದು ಬೆರಳಷ್ಟೂ ಇಳಿಯೋಕೆ ಬಿಟ್ಟಿಲ್ಲ, ಅಕ್ಕಾ."

"ಕುಡಿಯೋರೆಲ್ಲ ಹೀಗೇ ಹೇಳೋದು!"

ಕೊನೆಗೊಂದು ಶನಿವಾರ ಅನಾತೋಲ್ ಕುಂಟುತ್ತ ಹೋಗಿ, ದೊಣ್ಣೆ ಕಂಕುಳಲ್ಲಿ ಸಿಕ್ಕಿಸಿ, ಗಿಲ್ಮೆಟ್‌ಳ ತೋಳು ಹಿಡಿದು ಎಳೆದುಕೊಂಡೇ ಬಂದ. ಕಳ್ಳನನ್ನು ಹಿಡಿಯುವ ಹುರುಪಿನಲ್ಲಿ ಅವಳು ಮೆಟ್ಟಿಲಿಳಿದಳು. ರೆಮಿಯ ಕೈಯಲ್ಲಿ ಹೂಜಿಯಿತ್ತು. ಅವನನ್ನು ಪಕ್ಕಕ್ಕೆ ತಳ್ಳಿ, ಪೀಪಾಯಿಯ ಬಿರಡೆ ಕಿತ್ತು ಬಗ್ಗಿ ನೋಡಿದಳು. ವೈನ್ ಬಾಯಿಯವರೆಗೂ ತುಂಬಿತ್ತು.

ಎರಡು ವರ್ಷ ನುಂಗಿಕೊಂಡಿದ್ದ ಅವಮಾನವೆಲ್ಲ ರೆಮಿಗೆ ಅಳುವಾಗಿ ಬಂತು. "ನೋಡಿದ್ರಾ? ಓಕ್ ಮರ ಕುಡಿದಷ್ಟನ್ನೂ ವಾರವಾರ ತುಂಬಿಸಿದ್ದೀನಿ. ಚೀಸ್ ಗೋದಾಮಿನ ಸಂಬಳದಲ್ಲಿ ಒಳ್ಳೇ ವೈನ್ ತಂದು ತಂದು ಸುರಿದಿದ್ದೀನಿ. ಒಳಗೆ ಗಾಳಿಗೆ ಜಾಗ ಬಿಟ್ರೆ ವೈನ್ ಸತ್ತೇ ಹೋಗುತ್ತೆ ಅಂತ ನಮ್ಮ ಬರ್ಗಂಡಿ ಕಡೆ ನಮ್ಮಪ್ಪ ಕಲಿಸಿದ್ದು. ಮೇಲೆ ಬಿಳಿ ಪೊರೆ ಕಟ್ಟಿದಾಗೆಲ್ಲ ಬಟ್ಟೆಯಲ್ಲಿ ತೆಗೆದು ಬಿಸಾಕಿದ್ದೀನಿ. ಈಗಲಾದ್ರೂ ಮಾವನಿಗೆ ಹೇಳಿ, ನಾನು ಕಳ್ಳ ಅಲ್ಲ ಅಂತ."

ಅನಾತೋಲ್ ಮೆಟ್ಟಿಲ ಮೇಲೆ ಕುಸಿದು ಕುಳಿತ. ದೊಣ್ಣೆ ಕೈಜಾರಿ ಕೆಳಗುರುಳಿತು.

"ಅವ್ನು ನಿನ್ನ ಯಾವತ್ತೂ ಕಳ್ಳ ಅಂದ್ಕೊಂಡಿರ್ಲಿಲ್ಲ ಕಣಪ್ಪಾ," ಎಂದಳು ಗಿಲ್ಮೆಟ್. "ನಮ್ಮ ಜುರಾದಲ್ಲಿ ಈ ವೈನಿನ ಪೀಪಾಯಿಗೆ ಆರು ವರ್ಷ ಯಾರೂ ಒಂದು ಹನಿ ತುಂಬಿಸಲ್ಲ, ನೀನು ಬಿಸಾಕಿದ ಆ ಪೊರೆಯ ಕೆಳಗೇ ನೊಯೆಲಿಯ ವೈನ್ ಹುಟ್ಟಬೇಕಿತ್ತು."