ಅದೇ ನಾಲ್ವರು

ಮಂಗಳೂರಿನ ವೇದಿಕೆಯೊಂದರಲ್ಲಿ ಹಳೆಯ ಬ್ಯಾಂಡೊಂದರ ಬ್ಯಾನರಿನಲ್ಲಿ ‘ಐವತ್ತು ವರ್ಷ, ಅದೇ ನಾಲ್ವರು’ ಎಂದಿತ್ತು. ಮೂವರು ತೀರಿಹೋಗಿದ್ದರು. ಈಗ ಎಲ್ಲ ಬ್ಯಾಂಡುಗಳಲ್ಲೂ ಇರುವಂತೆ, ಸ್ವಿಚ್ಚು ಹಾಕಿದೊಡನೆ ಹಳೆಯ ವಿಡಿಯೋಗಳಿಂದ ಬೆಳಕಿನಲ್ಲಿ ಮೂಡಿಸಿದ ಅವರ ಹರೆಯದ ನೆರಳುಗಳು ಎದ್ದು ಬಾರಿಸುತ್ತಿದ್ದವು. ಹಾಡುಗಾರ ವಲೇರಿಯನ್ ಒಬ್ಬನೇ ಬದುಕಿದ್ದ.

ಎರಡನೆಯ ಹಾಡಿನಲ್ಲೇ ಉಸಿರು ಸಾಲದೆ ಅವನಿಗೆ ಸಾಲೊಂದು ತಪ್ಪಿತು. ಮೊದಲಾದರೆ ಡ್ರಮ್ಮಿನ ಸುಧಾಕರ ಅವನ ಮುಖ ನೋಡಿ ಕಾಯುತ್ತಿದ್ದ. ಸುಧಾಕರನ ನೆರಳು ಕಾಯಲಿಲ್ಲ. ಜನ ನಕ್ಕರು.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯೊಬ್ಬಳು ನೆರಳುಗಳ ಜೊತೆ ಸೆಲ್ಫಿ ತೆಗೆದುಕೊಂಡು ಅವನತ್ತ ತಿರುಗಿದಳು.

“ಅಂಕಲ್, ನೀವು ಯಾರ ಬದಲಿಗೆ ಬಂದದ್ದು?”

ವಲೇರಿಯನ್ ಬ್ಯಾನರಿನಲ್ಲಿ ಮೈಕು ಹಿಡಿದು ನಗುತ್ತಿದ್ದ ತನ್ನದೇ ಹಳೆಯ ಚಿತ್ರದತ್ತ ಕೈ ತೋರಿದ.

“ಇವನ ಬದಲಿಗೆ ಮಗಾ. ಪಾಪ, ತೀರಿಹೋದ.”