ಬಾಯ್ಲರ್ ಆಪರೇಟರ್

ಅಕ್ಕಿ ಗಿರಣಿಯ ಗೇಟಿಗೆ ಕ್ಯಾಮೆರಾ ಹಾಕಿಸಿದ ಮರುದಿನವೇ ಮಾಲೀಕರು ವಾಚ್‌ಮನ್ ದೊಡ್ಡಬಸಪ್ಪನನ್ನು ಕರೆಸಿದರು.

"ನಾಳೆಯಿಂದ ಬರಬ್ಯಾಡ. ಇನ್ನ ವಾಚ್‌ಮನ್ ಕೆಲಸ ಇಲ್ಲ."

"ನಾ ಗೇಟ್ ಬಿಟ್ಟು ಆರು ವರ್ಷ ಆತ್ರೀ ಸಾವ್ಕಾರ್ರೇ. ಬಾಯ್ಲರ್ ನೋಡ್ಕೋ ಅಂತ ನೀವೇ ಹೇಳಿದ್ರಿ."

"ಆರ್ಡರ್ ಐತೇನು?"

"ಪ್ರತಿ ವರ್ಷ ಕೇಳೀನ್ರಿ. ಕೊಡ್ತೀನಿ ಕೊಡ್ತೀನಿ ಅಂದ್ರಿ."

"ಕಾಗದದಾಗ ನೀ ವಾಚ್‌ಮನ್. ನಡಿ."

"ಹಂಗಾರ ಕೆಲಸದಿಂದ ತೆಗೆದೀವಿ ಅಂತನಾದ್ರೂ ಬರ್ದು ಕೊಡ್ರಿ."

"ಬಾಯಿಲೆ ಕೊಟ್ಟ ಕೆಲಸ, ಬಾಯಿಲೇ ಹೋತು."

ಬಾಗಿಲಲ್ಲಿ ಅವನು ತಿರುಗಿ ನಿಂತ. "ಸೇಫ್ಟಿ ವಾಲ್ವ್ ಕೆಟ್ಟೈತ್ರಿ. ಅದನ್ನ ಬದಲಿ ಮಾಡ್ಸೋತನಕ ಬಾಯ್ಲರ್ ಹಚ್ಚಬ್ಯಾಡ್ರಿ."

"ವಾಚ್‌ಮನ್‌ಗ್ಯಾಕ ಬಾಯ್ಲರ್ ಉಸಾಬರಿ?"

ಮೂರನೆಯ ದಿನ ಬಾಯ್ಲರ್ ಸಿಡಿದು ನಾಲ್ವರು ಹಮಾಲರು ಸತ್ತರು. ಸಂಜೆ ಪೊಲೀಸರು ದೊಡ್ಡಬಸಪ್ಪನ ಮನೆಗೆ ಬಂದರು.

"ಬಾಯ್ಲರ್ ಆಪರೇಟರ್ ನೀನೇ ಏನು? ಡ್ಯೂಟಿ ಬಿಟ್ಟು ಓಡಿ ಬಂದೀಯಂತ."

"ನಾ ವಾಚ್‌ಮನ್ ರೀ ಸಾಹೇಬ್ರ."

ಸಬ್ ಇನ್‌ಸ್ಪೆಕ್ಟರ್ ಕಾಗದವೊಂದನ್ನು ಅವನ ಮುಖದ ಮುಂದೆ ಹಿಡಿದರು. ಇಷ್ಟು ದಿನ ಅವನು ಕೇಳುತ್ತಿದ್ದ ಆರ್ಡರು. ಅವನ ಹೆಸರು, ಬಾಯ್ಲರ್ ಆಪರೇಟರ್ ಎಂಬ ಹುದ್ದೆ, ಮಾಲೀಕರ ಸಹಿ, ಆರು ವರ್ಷದ ಹಿಂದಿನ ತಾರೀಖು, ಎಲ್ಲವೂ ಇದ್ದವು. ಮೊಹರಿನ ಹಸಿ ಮಸಿ ಮಾತ್ರ ಸಬ್ ಇನ್‌ಸ್ಪೆಕ್ಟರರ ಹೆಬ್ಬೆರಳಿಗೆ ಅಂಟಿತ್ತು.